ದೊಡ್ಡ ಕೂಲರ್, ಸಣ್ಣ ಬೆಲೆ: ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಯಾರಿಗೆ ಬೇಕು, ಯಾರಿಗೆ ಬೇಡ

ಕಂಪ್ಯೂಟರ್ ಪ್ರೊಸೆಸರನ್ನು ತಂಪಾಗಿಡುವ ಥರ್ಮಲ್‌ರೈಟ್ ಕಂಪನಿಯ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಕೂಲರ್ ಬಗ್ಗೆ ಎರಡು ಪ್ರಶ್ನೆ ಕೇಳಬೇಕು, ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಕೊಟ್ಟ ದುಡ್ಡಿಗೆ ಇದು ಒಳ್ಳೆಯ ಮಾಲೇ? ಹೌದು, ಅದರಲ್ಲಿ ಹೆಚ್ಚು ವಾದಕ್ಕೆ ಜಾಗವಿಲ್ಲ. ನಿಮ್ಮ ಪ್ರೊಸೆಸರ್‌ಗೆ, ನಿಮ್ಮ ಕ್ಯಾಬಿನೆಟ್‌ಗೆ ಇಷ್ಟು ದೊಡ್ಡದು ಬೇಕೇ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ, ಬಹಳ ಜನ ಎಡವುವುದೂ ಇಲ್ಲೇ. ಅಗ್ಗವಾಗಿದೆ ಎಂಬ ಕಾರಣಕ್ಕೇ 65 ವ್ಯಾಟ್‌ನ ಪ್ರೊಸೆಸರ್ ಮೇಲೆ ಇದನ್ನು ಕೂರಿಸಿ, ಆಮೇಲೆ ಕ್ಯಾಬಿನೆಟ್‌ನ ಗಾಜು ಮುಚ್ಚುತ್ತಿಲ್ಲ ಎಂದು ಒದ್ದಾಡುವವರು ಕಡಿಮೆಯೇನಿಲ್ಲ.

ಮೊದಲು ಮಾಲು ಏನೆಂದು ನೋಡೋಣ. ತೆಳು ಲೋಹದ ರೆಕ್ಕೆಗಳ ಎರಡು ಕಟ್ಟು (ಟವರ್), ಶಾಖವನ್ನು ಅವಕ್ಕೆ ಒಯ್ಯುವ ಆರು ಮಿಲಿಮೀಟರ್ ದಪ್ಪದ ಆರು ಹೀಟ್ ಪೈಪ್, 120 ಮಿಮೀ ಅಳತೆಯ ಎರಡು ಫ್ಯಾನ್. ಎತ್ತರ 155 ಮಿಮೀ, ಅಗಲ 125, ಫ್ಯಾನ್ ಸೇರಿ ಆಳ 135. ಫ್ಯಾನ್‌ನ ಮಾದರಿ ಟಿಎಲ್-ಸಿ12ಸಿ. ಗರಿಷ್ಠ ವೇಗ ನಿಮಿಷಕ್ಕೆ 1550 ಸುತ್ತು, ಕಂಪನಿ ಹೇಳುವ ಸದ್ದು 25.6 ಡೆಸಿಬೆಲ್. ಎರಡೂ ಫ್ಯಾನ್ ನಾಲ್ಕು ಪಿನ್ನಿನವು, ಅಂದರೆ ಮದರ್‌ಬೋರ್ಡ್ ವೇಗವನ್ನು ಏರಿಸಿ ಇಳಿಸಬಲ್ಲದು. ಎರಡನ್ನೂ ಒಂದೇ ಕನೆಕ್ಟರ್‌ಗೆ ಜೋಡಿಸುವ ಕವಲು ವೈರು, ಒಂದು ಸಣ್ಣ ಟ್ಯೂಬ್ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವ, ಶಾಖ ದಾಟಿಸುವ ಲೇಪ), ಇಂಟೆಲ್ ಮತ್ತು ಎಎಂಡಿ ಎರಡಕ್ಕೂ ಬೇಕಾದ ಕಬ್ಬಿಣದ ಪಟ್ಟಿ, ಸ್ಕ್ರೂಗಳು ಡಬ್ಬಿಯಲ್ಲೇ ಬರುತ್ತವೆ.

ಬೆಲೆ ಇಲ್ಲಿ ಸಾಮಾನ್ಯವಾಗಿ ಮೂರೂವರೆಯಿಂದ ನಾಲ್ಕೂವರೆ ಸಾವಿರ ರೂಪಾಯಿ ನಡುವೆ ಆಡುತ್ತದೆ. ಇದೇ ಆಕಾರದ, 2014ರಲ್ಲಿ ಬಂದು ವರ್ಷಗಟ್ಟಲೆ ಎಲ್ಲರ ಅಳತೆಗೋಲಾಗಿದ್ದ ನಾಕ್ಚುವಾ ಎನ್‌ಎಚ್-ಡಿ15 ಬೇಕೆಂದರೆ ಇದರ ಎರಡು ಮೂರು ಪಟ್ಟು ಹಣ ಎಣಿಸಬೇಕು. ಅದಕ್ಕೂ ಇದಕ್ಕೂ ತಂಪಿನಲ್ಲಿ ಇರುವ ಅಂತರ ಕೆಲವೇ ಡಿಗ್ರಿ. ಹೆಚ್ಚಿನ ಹಣಕ್ಕೆ ಸಿಗುವುದು ಉತ್ತಮ ಫ್ಯಾನ್, ಆರು ವರ್ಷದ ವಾರಂಟಿ, ಹೊಸ ಸಾಕೆಟ್ (ಬೋರ್ಡ್ ಮೇಲೆ ಪ್ರೊಸೆಸರ್ ಕೂರುವ ಗೂಡು) ಬಂದಾಗ ಕಂಪನಿಯೇ ಒದಗಿಸುವ ಕಿಟ್. ಇವಕ್ಕೆ ಬೆಲೆ ಇಲ್ಲವೆಂದಲ್ಲ, ಆದರೆ ತಂಪಿಗಾಗಿ ಮಾತ್ರ ಅಷ್ಟು ಕೊಡುವ ಕಾಲ ಮುಗಿಯಿತು.

ವ್ಯಾಟ್ ನೋಡಿ, ಹೆಸರು ನೋಡಬೇಡಿ

ಪ್ರೊಸೆಸರ್ ಡಬ್ಬಿಯ ಮೇಲೆ ಬರೆದಿರುವ ಟಿಡಿಪಿ (ಕಂಪನಿ ಹೇಳುವ ಶಾಖದ ವ್ಯಾಟ್) ಸಂಖ್ಯೆಯನ್ನು ನಂಬಿ ಕೂಲರ್ ಆರಿಸಬಾರದು. ಎಎಂಡಿಯ ಎಎಂ5 ಸಾಕೆಟ್‌ನ ಪ್ರೊಸೆಸರ್‌ಗಳಲ್ಲಿ ನಿಜವಾಗಿ ಎಳೆಯುವ ಮಿತಿ ಅದರ 1.35 ಪಟ್ಟು: 65 ಎಂದಿದ್ದರೆ 88 ವ್ಯಾಟ್, 105 ಎಂದಿದ್ದರೆ 142, 170 ಎಂದಿದ್ದರೆ 230. ಇಂಟೆಲ್‌ನಲ್ಲಿ ಎರಡು ಸಂಖ್ಯೆ ಇರುತ್ತವೆ. ನೋಡಬೇಕಾದ್ದು ಎರಡನೆಯದು, ಟರ್ಬೊ ಮಿತಿ. ಐ5-12400ಎಫ್‌ಗೆ 65 ಮತ್ತು 117, ಐ5-14600ಕೆಗೆ 125 ಮತ್ತು 181, ಐ7-14700ಕೆ ಹಾಗೂ ಐ9-14900ಕೆಗೆ 253.

ಈಗ ವಿಂಗಡಿಸುವುದು ಸುಲಭ. ರೈಜೆನ್ 5 5600, ರೈಜೆನ್ 5 7600, ಐ5-12400ಎಫ್ ಇಟ್ಟುಕೊಂಡು ಆಟ, ಆಫೀಸ್ ಕೆಲಸ, ಕೋಡಿಂಗ್ ಮಾಡುವವರಿಗೆ ಈ ಕೂಲರ್ ಬೇಡ. ಮೂರರ ಜೊತೆಗೂ ಡಬ್ಬಿಯಲ್ಲೇ ಕೂಲರ್ ಬರುತ್ತದೆ. ಅದು ಸದ್ದು ಮಾಡುತ್ತದೆ, ನಿಜ. ಆ ಸದ್ದು ಸಹಿಸಲಾಗದಿದ್ದರೆ ಇದೇ ಕಂಪನಿಯ ಅಸಾಸಿನ್ ಎಕ್ಸ್ 120 ರಿಫೈನ್ಡ್ ಎಸ್‌ಇಯಂಥ ಒಂದೇ ಟವರ್, ನಾಲ್ಕು ಪೈಪ್, 148 ಮಿಮೀ ಎತ್ತರದ ಕೂಲರ್ ಅರ್ಧ ಬೆಲೆಗೆ ಸಿಗುತ್ತದೆ, ಸಾಕು. ಉಳಿದ ದುಡ್ಡು 512 ಜಿಬಿಯ ಬದಲು 1 ಟಿಬಿ ಎಸ್‌ಎಸ್‌ಡಿಗೆ ಸೇರಲಿ. ಆ ವ್ಯತ್ಯಾಸ ದಿನವೂ ಕಾಣುತ್ತದೆ, 62 ಡಿಗ್ರಿಯ ಬದಲು 55 ಡಿಗ್ರಿ ಬಂದದ್ದು ಯಾರಿಗೂ ಕಾಣುವುದಿಲ್ಲ.

ಈ ಕೂಲರ್‌ನ ನಿಜವಾದ ಜಾಗ ಸುಮಾರು 100ರಿಂದ 200 ವ್ಯಾಟ್. ರೈಜೆನ್ 7 7700ಎಕ್ಸ್, ರೈಜೆನ್ 7 9800ಎಕ್ಸ್3ಡಿ, 14600ಕೆ ಇಂಥವಕ್ಕೆ ಹೇಳಿ ಮಾಡಿಸಿದ ಹಾಗಿದೆ. ವಿಡಿಯೊ ಎಡಿಟಿಂಗ್, ಬ್ಲೆಂಡರ್ ರೆಂಡರ್, ದೊಡ್ಡ ಪ್ರಾಜೆಕ್ಟ್ ಕಂಪೈಲ್ ಮಾಡುವವರು, ಅಂದರೆ ಎಲ್ಲ ಕೋರ್‌ಗಳನ್ನೂ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ದುಡಿಸುವವರು, ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ರೈಜೆನ್ 7 7800ಎಕ್ಸ್3ಡಿ ಬೇರೆ ಥರದ್ದು. ಟಿಡಿಪಿ 120 ಎಂದಿದ್ದರೂ ಆಟದಲ್ಲಿ ಅಷ್ಟು ಎಳೆಯುವುದಿಲ್ಲ. ಆದರೆ ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಕೋರ್‌ಗಳ ಮೇಲೆ ಕ್ಯಾಶ್ ಮೆಮೊರಿಯ ಪದರ ಕೂತಿರುವುದರಿಂದ ಶಾಖ ಹೊರಬರಲು ತಡವರಿಸುತ್ತದೆ, ಮಿತಿಯೂ 89 ಡಿಗ್ರಿಗೇ ನಿಲ್ಲುತ್ತದೆ. ಒಂದೇ ಟವರ್ ಕೂಡ ಇದನ್ನು ನಿಭಾಯಿಸುತ್ತದೆ. ಎರಡು ಟವರ್ ಹಾಕಿದರೆ ಫ್ಯಾನ್ ನಿಧಾನವಾಗಿ ತಿರುಗುತ್ತದೆ, ಅಷ್ಟೇ ಲಾಭ. 9800ಎಕ್ಸ್3ಡಿಯಲ್ಲಿ ಆ ಕ್ಯಾಶ್ ಪದರವನ್ನು ಎಎಂಡಿ ಕೋರ್‌ಗಳ ಕೆಳಗೆ ಸರಿಸಿತು. ಹಾಗಾಗಿ ಅದು ಹೆಚ್ಚು ವ್ಯಾಟ್ ಎಳೆಯುತ್ತದೆ, ದೊಡ್ಡ ಕೂಲರ್‌ನ ಪ್ರಯೋಜನವನ್ನೂ ಹೆಚ್ಚು ಪಡೆಯುತ್ತದೆ.

200 ವ್ಯಾಟ್ ದಾಟಿದ ಮೇಲೆ ಈ ಕೂಲರ್ ತಿಣುಕುತ್ತದೆ. 14700ಕೆ, 14900ಕೆಯನ್ನು 253 ವ್ಯಾಟ್‌ನಲ್ಲಿ ಸತತವಾಗಿ ಓಡಿಸಿದರೆ 100 ಡಿಗ್ರಿ ಮುಟ್ಟಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇದಕ್ಕೆ ಕೂಲರ್ ಬದಲಾಯಿಸುವ ಮೊದಲು ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಒಂದು ಕೆಲಸ ಮಾಡಿ ನೋಡಬೇಕು: ಪಿಎಲ್1, ಪಿಎಲ್2, ಅಂದರೆ ಮೇಲೆ ಹೇಳಿದ ಇಂಟೆಲ್‌ನ ಎರಡು ವ್ಯಾಟ್ ಮಿತಿ, ಎರಡನ್ನೂ 180ಕ್ಕೆ ಇಳಿಸುವುದು. ಕೊನೆಯ ಎಪ್ಪತ್ತು ವ್ಯಾಟ್‌ಗೆ ಸಿಗುವ ವೇಗ ಬಹಳ ಸಣ್ಣದು, ಶಾಖ ಮಾತ್ರ ಪೂರ್ತಿ. ಕೆಲವು ಮದರ್‌ಬೋರ್ಡ್‌ಗಳು ಮೊದಲ ಬಾರಿ ಚಾಲೂ ಮಾಡಿದಾಗ ಯಾವ ಕೂಲರ್ ಹಾಕಿದ್ದೀರಿ ಎಂದು ಕೇಳುತ್ತವೆ. ಅಲ್ಲಿ ವಾಟರ್ ಕೂಲರ್ ಎಂದು ಒತ್ತಿದರೆ ಮಿತಿ 4096 ವ್ಯಾಟ್ ಆಗುತ್ತದೆ, ಅಂದರೆ ಮಿತಿಯೇ ಇಲ್ಲ. ಏರ್ ಕೂಲರ್ ಹಾಕಿ ಅದನ್ನು ಒತ್ತಿದವರು ಆಮೇಲೆ ಕೂಲರ್‌ಗೆ ಬೈಯುವುದುಂಟು.

ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್ ಇರುವವರಿಗೆ ಇನ್ನೊಂದು ಮಾತು. ಆಟ ಮಧ್ಯದಲ್ಲೇ ಕ್ರ್ಯಾಶ್ ಆಗುತ್ತಿದೆ, ಬಿಸಿಯಿಂದ ಇರಬೇಕು ಎಂದು ಕೂಲರ್ ಕೊಳ್ಳಲು ಹೊರಡಬೇಡಿ. ಆ ಪ್ರೊಸೆಸರ್‌ಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಹರಿದು ಹಾಳಾಗುವ ದೋಷವಿತ್ತು. 2024ರ ಆಗಸ್ಟ್‌ನಿಂದ ಇಂಟೆಲ್ ಅದಕ್ಕೆ ಮೈಕ್ರೋಕೋಡ್ (ಪ್ರೊಸೆಸರ್‌ನೊಳಗಿನ ತಂತ್ರಾಂಶ) ತಿದ್ದುಪಡಿ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಮೊದಲು ಬಯೋಸ್ ಅಪ್‌ಡೇಟ್, ಆಮೇಲೂ ನಿಲ್ಲದಿದ್ದರೆ ಪ್ರೊಸೆಸರ್‌ನ ವಾರಂಟಿ. ಕೂಲರ್ ಈ ರೋಗದ ಔಷಧಿಯಲ್ಲ.

ದೊಡ್ಡದಾದಷ್ಟೂ ತಂಪು ಏಕಾಗುವುದಿಲ್ಲ

ರೈಜೆನ್ 7000 ಸರಣಿಯ ಒಂದು ಕೋರ್ ಚಿಪ್ಲೆಟ್‌ನ (ಕೋರ್‌ಗಳಿರುವ ಸಣ್ಣ ಚಿಪ್) ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್. ಕಿರುಬೆರಳಿನ ಉಗುರಿನಷ್ಟು ಜಾಗ. 142 ವ್ಯಾಟ್‌ನ ಬಹುಪಾಲು ಅಲ್ಲಿಂದಲೇ ಹೊರಬರಬೇಕು. ಚಿಪ್, ಅದರ ಮೇಲೆ ಬೆಸುಗೆ, ಅದರ ಮೇಲೆ ಲೋಹದ ಮುಚ್ಚಳ, ಅದರ ಮೇಲೆ ಪೇಸ್ಟ್. ಇಷ್ಟು ದಾಟಿದ ಮೇಲಷ್ಟೇ ಕೂಲರ್‌ನ ತಾಮ್ರ ಶುರುವಾಗುತ್ತದೆ. ಅಡಚಣೆ ಇರುವುದು ಆ ಮೊದಲ ಕೆಲವು ಮಿಲಿಮೀಟರ್‌ಗಳಲ್ಲಿ. ಮೇಲೆ ಎಷ್ಟು ರೆಕ್ಕೆ ಸೇರಿಸಿದರೂ ಆ ಇಕ್ಕಟ್ಟು ಹಿಗ್ಗುವುದಿಲ್ಲ: ಓವರ್‌ಹೆಡ್ ಟ್ಯಾಂಕ್ ಎಷ್ಟೇ ದೊಡ್ಡದಿರಲಿ, ನಲ್ಲಿ ಅರ್ಧ ಇಂಚಿನದಾದರೆ ಬರುವ ನೀರು ಅಷ್ಟೇ.

ಇದರಿಂದ ಎರಡು ವಿಷಯ ಅರ್ಥವಾಗುತ್ತವೆ. ಒಂದು, ಬ್ರೌಸರ್ ತೆರೆದ ಕ್ಷಣ ಉಷ್ಣಾಂಶ 45ರಿಂದ 65ಕ್ಕೆ ನೆಗೆದು ಮತ್ತೆ ಇಳಿಯುವುದು ಕೂಲರ್‌ನ ದೋಷವಲ್ಲ. ಶಾಖ ಪೈಪ್‌ಗಳನ್ನು ತಲುಪುವ ಮೊದಲೇ ಸೆನ್ಸರ್ ಅದನ್ನು ನೋಡಿರುತ್ತದೆ, ಕೂಲರ್ ಯಾವುದಿದ್ದರೂ ಅಷ್ಟೇ. ಎರಡು, 7700ಎಕ್ಸ್‌ನಂಥ ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ 90 ಡಿಗ್ರಿ ದಾಟಿದರೆ ಗಾಬರಿ ಬೇಡ. 95 ಡಿಗ್ರಿವರೆಗೆ ಹೋಗಿ ಅಲ್ಲೇ ನಿಂತು ಕೆಲಸ ಮಾಡುವಂತೆಯೇ ಎಎಂಡಿ ಅದನ್ನು ಮಾಡಿದೆ. ಬಯೋಸ್‌ನಲ್ಲಿ ವ್ಯಾಟ್ ಮಿತಿ ಇಳಿಸುವ ಎಕೊ ಮೋಡ್‌ನಲ್ಲಿ 65 ವ್ಯಾಟ್ ಆರಿಸಿದರೆ, ಅಂದರೆ ನಿಜದಲ್ಲಿ 88, ಉಷ್ಣಾಂಶ ಗಣನೀಯವಾಗಿ ಇಳಿಯುತ್ತದೆ, ಆಟದ ಫ್ರೇಮ್ ಎಣಿಕೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಎಲ್ಲ ಕೋರ್‌ಗೂ ಮೈನಸ್ 15ರಿಂದ 20 ಕೊಟ್ಟು ನೋಡುವುದೂ ಖರ್ಚಿಲ್ಲದ ದಾರಿ. ಸಿಸ್ಟಂ ತಾನಾಗಿ ರೀಸ್ಟಾರ್ಟ್ ಆದರೆ ಐದೈದು ಅಂಕ ಹಿಂದಕ್ಕೆ ಬರಬೇಕು.

ಏಳು ಪೈಪ್‌ಗಳ ಫ್ಯಾಂಟಮ್ ಸ್ಪಿರಿಟ್ 120 ಎಸ್‌ಇ ಇದರ ಅಣ್ಣ, ಎತ್ತರ 154 ಮಿಮೀ. ಬೆಲೆಯಲ್ಲಿ ಮುನ್ನೂರು ನಾನೂರು ರೂಪಾಯಿ ಅಂತರವಿದ್ದರೆ ಅದನ್ನೇ ತೆಗೆದುಕೊಳ್ಳಿ. ಸಾವಿರದ ಅಂತರವಿದ್ದರೆ ಒಂದು ಪೈಪ್‌ಗೆ ಅಷ್ಟು ಕೊಡಬೇಕಿಲ್ಲ. ಈ ಕಂಪನಿಯ ಹೆಸರುಗಳು ಒಂದರಂತೆ ಇನ್ನೊಂದಿವೆ, ಆರ್ಡರ್ ಮಾಡುವಾಗ ಅಕ್ಷರ ಅಕ್ಷರ ಓದಬೇಕು. ಎಸ್‌ಇ ಇಲ್ಲದ ಪೀರ್‌ಲೆಸ್ ಅಸಾಸಿನ್ 120 ಬೇರೆ, ಅದು 157 ಮಿಮೀ. ಮಿನಿ ಎಂಬುದು 135 ಮಿಮೀ. ಹೆಸರಿನಲ್ಲಿ 140 ಇದ್ದರೆ ಇನ್ನೂ ದೊಡ್ಡದು.

ಜಾಗ ಅಳೆಯದೆ ಕೊಳ್ಳಬೇಡಿ

ಕ್ಯಾಬಿನೆಟ್‌ನ ವಿವರಪಟ್ಟಿಯಲ್ಲಿ ಕೂಲರ್ ಎತ್ತರದ ಮಿತಿ ಕೊಟ್ಟಿರುತ್ತಾರೆ. ಕೋರ್ಸೇರ್ 4000ಡಿಯಲ್ಲಿ 170 ಮಿಮೀ, ಡೀಪ್‌ಕೂಲ್ ಸಿಸಿ560ಯಲ್ಲಿ 163. ಎರಡರಲ್ಲೂ 155 ಕೂರುತ್ತದೆ. ಎರಡು ಮೂರು ಸಾವಿರದ ಹೆಸರಿಲ್ಲದ ಕ್ಯಾಬಿನೆಟ್‌ಗಳಲ್ಲಿ ಈ ಸಂಖ್ಯೆಯನ್ನೇ ಕೊಟ್ಟಿರುವುದಿಲ್ಲ, ಕೊಟ್ಟರೂ ಉತ್ಪ್ರೇಕ್ಷೆ ಇರಬಹುದು. ಗಾಜಿನ ಬಾಗಿಲು ತೆಗೆದು, ಪ್ರೊಸೆಸರ್ ಮೇಲಿರುವ ಹಳೆಯ ಕೂಲರ್‌ನ ತಳದಿಂದ ಬಾಗಿಲು ಕೂರುವ ಅಂಚಿನವರೆಗೆ ಸ್ಕೇಲ್ ಹಿಡಿದು ಅಳೆಯಿರಿ. 160 ಇದ್ದರೆ ಸರಿ. 157, 158 ಬಂದರೆ ರ್ಯಾಮ್ ಕಡ್ಡಿಯ ಎತ್ತರ ನೋಡಬೇಕು.

ರ್ಯಾಮ್‌ನ ಲೆಕ್ಕ ಹೀಗೆ. ಮುಂದಿನ ಫ್ಯಾನ್ ರ್ಯಾಮ್ ಸ್ಲಾಟ್‌ಗಳ ಮೇಲೆ ಚಾಚಿಕೊಳ್ಳುತ್ತದೆ. ಕೂಲರ್ ಎತ್ತರ 155, ಫ್ಯಾನ್ 120, ಹಾಗಾಗಿ ಫ್ಯಾನ್‌ನ ಕೆಳ ಅಂಚು ಪ್ರೊಸೆಸರ್ ಮೇಲ್ಮೈಯಿಂದ 35 ಮಿಮೀ ಮೇಲಿರುತ್ತದೆ. ಪ್ರೊಸೆಸರ್ ಮುಚ್ಚಳವೇ ಬೋರ್ಡ್‌ನಿಂದ ಏಳೆಂಟು ಮಿಮೀ ಎತ್ತರದಲ್ಲಿದೆ, ಸ್ಲಾಟ್ ಕೂಡ ಕಡ್ಡಿಯನ್ನು ತುಸು ಎತ್ತುತ್ತದೆ. ಎಲ್ಲ ಸೇರಿಸಿ ಕಳೆದರೆ ಸುಮಾರು 40 ಮಿಮೀವರೆಗಿನ ಕಡ್ಡಿಗೆ ಜಾಗ ಉಳಿಯುತ್ತದೆ. 31ರಿಂದ 35 ಮಿಮೀ ಎತ್ತರದ ಸಾದಾ ಕಡ್ಡಿಗಳಿಗೆ ತೊಂದರೆಯಿಲ್ಲ. ಬಣ್ಣದ ದೀಪದ 44 ಮಿಮೀ ಕಡ್ಡಿ ಇದ್ದರೆ ಫ್ಯಾನನ್ನು ಸುಮಾರು ಐದು ಮಿಮೀ ಮೇಲಕ್ಕೆ ಸರಿಸಿ ಕ್ಲಿಪ್ ಹಾಕಬೇಕಾಗುತ್ತದೆ. ಆಗ ಒಟ್ಟು ಎತ್ತರ 160 ಆಯಿತು, 158 ಮಿಮೀ ಕ್ಯಾಬಿನೆಟ್‌ನ ಗಾಜು ಮುಚ್ಚುವುದಿಲ್ಲ. ಹಾಗಾದಾಗ ಮುಂದಿನ ಫ್ಯಾನನ್ನೇ ತೆಗೆದು ನಡುವಿನ ಒಂದರಲ್ಲೇ ಓಡಿಸಬಹುದು. ಎರಡು ಮೂರು ಡಿಗ್ರಿ ಹೆಚ್ಚಾಗಬಹುದು, ಅಷ್ಟಕ್ಕೆ ರ್ಯಾಮ್ ಬದಲಾಯಿಸುವ ಅಗತ್ಯವಿಲ್ಲ.

ತೀರಾ ಸಣ್ಣ ಅಳತೆಯ ಮಿನಿ ಐಟಿಎಕ್ಸ್ ಬೋರ್ಡ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್‌ನ ಬೆನ್ನು ಕೂಲರ್‌ಗೆ ತಾಗುವ ಸಾಧ್ಯತೆ ಇದೆ. ಅದಕ್ಕಿಂತ ದೊಡ್ಡ ಎಟಿಎಕ್ಸ್, ಮೈಕ್ರೋ ಎಟಿಎಕ್ಸ್‌ನಲ್ಲಿ ತಾಗುವುದು ಅಪರೂಪ. ಆದರೆ ಕಾರ್ಡ್ ಬಿಡಿಸುವ ಪ್ಲಾಸ್ಟಿಕ್ ಲಾಚ್ ಕೂಲರ್‌ನ ನೆರಳಿನಲ್ಲಿ ಬೆರಳಿಗೆ ಸಿಗುವುದಿಲ್ಲ. ಒತ್ತಲು ಮರದ ಕಡ್ಡಿ ಇಟ್ಟುಕೊಳ್ಳಿ, ಸ್ಕ್ರೂಡ್ರೈವರ್ ಹಾಕಿ ಜಾರಿದರೆ ಬೋರ್ಡ್‌ನ ಗೆರೆ ಕತ್ತರಿಸುತ್ತದೆ.

ಕೂರಿಸುವುದು

ಬೋರ್ಡನ್ನು ಕ್ಯಾಬಿನೆಟ್‌ನಿಂದ ಹೊರತೆಗೆದು ಅದರ ರಟ್ಟಿನ ಡಬ್ಬಿಯ ಮೇಲಿಟ್ಟು ಕೂರಿಸುವುದೇ ಸರಿ. ಎಎಂಡಿಯ ಎಎಂ4, ಎಎಂ5 ಎರಡರಲ್ಲೂ ಸಾಕೆಟ್‌ನ ಎರಡು ಬದಿಯ ಪ್ಲಾಸ್ಟಿಕ್ ಕೊಕ್ಕೆಗಳನ್ನು ನಾಲ್ಕು ಸ್ಕ್ರೂ ಬಿಚ್ಚಿ ತೆಗೆಯಬೇಕು, ಹಿಂದಿನ ಲೋಹದ ಫಲಕ ಮಾತ್ರ ಉಳಿಯಬೇಕು. ಎಎಂ5ರಲ್ಲಿ ಆ ಫಲಕ ಕಚ್ಚಿಕೊಂಡಿರುತ್ತದೆ. ಎಎಂ4ರಲ್ಲಿ ಸ್ಕ್ರೂ ಬಿಚ್ಚಿದ ಕೂಡಲೇ ಹಿಂದಿನಿಂದ ಕಳಚಿ ಬೀಳುತ್ತದೆ, ಕೈ ಕೊಟ್ಟು ಹಿಡಿದಿರಬೇಕು. ಕಳೆದುಹೋದರೆ ಬಿಡಿಯಾಗಿ ಹುಡುಕುವುದು ತಲೆನೋವು.

ಎಎಂ4ರಿಂದ ಹಳೆಯ ಕೂಲರ್ ಕೀಳುವಾಗ ಆಗುವ ಅನಾಹುತ ಬೇರೆ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದು, ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ತೆಗೆಯುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿಮಾಡಿ, ಪವರ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ನಿಧಾನವಾಗಿ ತಿರುಚಿ ಸಡಿಲ ಮಾಡಿ ಎತ್ತಬೇಕು. ನೇರವಾಗಿ ಎಳೆಯಬಾರದು. ಎಎಂ5 ಮತ್ತು ಇಂಟೆಲ್‌ನಲ್ಲಿ ಪ್ರೊಸೆಸರನ್ನು ಲೋಹದ ಚೌಕಟ್ಟು ಒತ್ತಿಹಿಡಿದಿರುವುದರಿಂದ ಈ ಭಯವಿಲ್ಲ.

ಇಂಟೆಲ್‌ನಲ್ಲಿ ಡಬ್ಬಿಯಲ್ಲಿರುವ ಹಿಂಬದಿ ಫಲಕವನ್ನು ಹಾಕಬೇಕು. ಎಲ್‌ಜಿಎ1700 ಸಾಕೆಟ್‌ನ ರಂಧ್ರಗಳ ಅಂತರ 78 ಮಿಮೀ, ಹಳೆಯ 1200 ಮತ್ತು 115ಎಕ್ಸ್‌ನದು 75. ಫಲಕದಲ್ಲಿ ಎರಡಕ್ಕೂ ಗುರುತುಗಳಿವೆ. ತಪ್ಪು ಗುರುತಿನಲ್ಲಿ ಹಾಕಿದರೆ ಮೂರು ಸ್ಕ್ರೂ ಕೂತು ನಾಲ್ಕನೆಯದು ಕೂರುವುದಿಲ್ಲ. ಬಲವಂತ ಮಾಡದೆ ಬಿಚ್ಚಿ ಸರಿಮಾಡಿ. ಎಲ್‌ಜಿಎ1700ರಲ್ಲಿ ಸಾಕೆಟ್‌ನ ಒತ್ತಡಕ್ಕೆ ಪ್ರೊಸೆಸರ್ ಮುಚ್ಚಳ ನಡುವೆ ಸ್ವಲ್ಪ ಬಾಗುತ್ತದೆ ಎಂಬುದು ನಿಜ. ಅದಕ್ಕೆಂದೇ ಸಣ್ಣ ಬೆಲೆಯ ಕಾಂಟ್ಯಾಕ್ಟ್ ಫ್ರೇಮ್ ಸಿಗುತ್ತದೆ. 14600ಕೆಯಿಂದ ಮೇಲಿನವಕ್ಕೆ ಕೆಲವು ಡಿಗ್ರಿ ಲಾಭ. ಆದರೆ ವಾರಂಟಿಗೆ ತಕರಾರು ಬರಬಹುದು, ಬಿಗಿ ಹೆಚ್ಚಾದರೆ ಒಂದು ರ್ಯಾಮ್ ಕಡ್ಡಿ ಕಾಣದಂತಾಗುತ್ತದೆ. 12400ಎಫ್‌ಗೆ ಅದರ ಗೊಡವೆ ಬೇಡ.

ಪೇಸ್ಟ್ ಹಾಕುವ ಮೊದಲು ತಾಮ್ರದ ತಳದ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ನೋಡಿ. ಕಂಪ್ಯೂಟರ್ ಆನ್ ಆದ ಒಂದೇ ನಿಮಿಷಕ್ಕೆ 95 ಡಿಗ್ರಿ ಎಂದು ಬರುವ ದೂರುಗಳಲ್ಲಿ ಮೊದಲು ನೋಡಬೇಕಾದ್ದೇ ಇದು. ಹಳೆಯ ಪೇಸ್ಟ್ ಒರೆಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಪದರ ಉಳಿಯುತ್ತದೆ. ಎಎಂ4ಗೆ ನಡುವೆ ಒಂದು ಬಟಾಣಿ ಕಾಳಿನಷ್ಟು ಪೇಸ್ಟ್. ಎಎಂ5 ಮತ್ತು ಎಲ್‌ಜಿಎ1700ಗೆ ನಡುವೆ ಒಂದು ದೊಡ್ಡ ಚುಕ್ಕೆ, ನಾಲ್ಕು ಮೂಲೆಗೆ ಸಣ್ಣ ಚುಕ್ಕೆ. ರೈಜೆನ್‌ನಲ್ಲಿ ಕೋರ್ ಚಿಪ್ಲೆಟ್ ನಟ್ಟನಡುವೆ ಇಲ್ಲದೆ ಒಂದು ಅಂಚಿನ ಕಡೆಗಿರುವುದರಿಂದ ಅಂಚಿನವರೆಗೂ ಪೇಸ್ಟ್ ಹರಡುವುದು ಮುಖ್ಯ. ಹೆಚ್ಚಾದರೆ ಹೊರಗೆ ಚೆಲ್ಲುತ್ತದೆ, ಗಲೀಜು ಬಿಟ್ಟರೆ ಹಾನಿಯಿಲ್ಲ. ಕಡಿಮೆಯಾದರೆ ಒಂದು ಮೂಲೆ ಒಣಗಿರುತ್ತದೆ, ಹಾನಿ ಅದರಿಂದ.

ಟವರ್ ಕೂರಿಸುವಾಗ ನಡುವಿನ ಫ್ಯಾನ್ ಇರಬಾರದು. ಎರಡು ಟವರ್‌ಗಳ ಸಂದಿಯಲ್ಲಿ ಕೆಳಗೆ ಎರಡು ಸ್ಪ್ರಿಂಗ್ ಸ್ಕ್ರೂ ಕಾಣುತ್ತವೆ. ತಲುಪಲು ಕನಿಷ್ಠ 150 ಮಿಮೀ ಉದ್ದದ ಕಡ್ಡಿಯ, 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ಬೇಕು. ಒಂದನ್ನು ಪೂರ್ತಿ ಬಿಗಿ ಮಾಡಿ ಇನ್ನೊಂದಕ್ಕೆ ಹೋಗಬೇಡಿ, ಕೂಲರ್ ಒಂದು ಕಡೆಗೆ ವಾಲಿ ಪೇಸ್ಟ್ ಎಲ್ಲ ಆ ಕಡೆ ಹಿಂಡಿಹೋಗುತ್ತದೆ. ಇದಕ್ಕೆ ಎರಡು ಸುತ್ತು, ಅದಕ್ಕೆ ಎರಡು ಸುತ್ತು, ತಾನಾಗಿ ನಿಲ್ಲುವವರೆಗೆ. ನಿಂತ ಮೇಲೆ ಇನ್ನೂ ಬಲ ಹಾಕುವುದು ಬೇಡ. ಪ್ರೊಸೆಸರ್‌ಗೆ ಪವರ್ ಕೊಡುವ ಎಂಟು ಪಿನ್ನಿನ ವೈರು ಸಾಮಾನ್ಯವಾಗಿ ಬೋರ್ಡ್‌ನ ಎಡ ಮೇಲ್ಮೂಲೆಯಲ್ಲಿ ಕೂರುತ್ತದೆ. ಕೂಲರ್ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದು ಕಷ್ಟ, ಕ್ಯಾಬಿನೆಟ್‌ಗೆ ಬೋರ್ಡ್ ಇಟ್ಟ ಕೂಡಲೇ, ಫ್ಯಾನ್‌ಗಳನ್ನು ಸಿಕ್ಕಿಸುವ ಮೊದಲೇ ಅದನ್ನು ಜೋಡಿಸಿಬಿಡಿ.

ಫ್ಯಾನ್‌ನ ದಿಕ್ಕು: ನಾಲ್ಕು ಅಡ್ಡಕಡ್ಡಿಗಳಿರುವ ಮುಖದಿಂದ ಗಾಳಿ ಹೊರಬರುತ್ತದೆ. ಎರಡೂ ಫ್ಯಾನ್ ರ್ಯಾಮ್ ಕಡೆಯಿಂದ ಹಿಂಬದಿಗೆ ಊದಬೇಕು. ತಂತಿ ಕ್ಲಿಪ್ ಈ ಕೂಲರ್‌ನಲ್ಲಿ ಅಗ್ಗತನ ಕಾಣುವ ಜಾಗ. ಬಿಗಿಯಾಗಿದೆ, ತುದಿ ಚೂಪು, ರೆಕ್ಕೆಯನ್ನು ಬಾಗಿಸುತ್ತದೆ, ಬೆರಳನ್ನೂ ಕೊಯ್ಯುತ್ತದೆ. ಒಂದು ಬದಿ ಸಿಕ್ಕಿಸಿ, ಆಮೇಲೆ ಇನ್ನೊಂದನ್ನು ಮೇಲಿನಿಂದ ಕೆಳಕ್ಕೆ ಎಳೆದು ಬಿಡಬೇಕು. ಎರಡೂ ಫ್ಯಾನನ್ನು ಕವಲು ವೈರಿಗೆ ಜೋಡಿಸಿ ಸಿಪಿಯು ಫ್ಯಾನ್ ಎಂದು ಬರೆದಿರುವ ಕನೆಕ್ಟರ್‌ಗೆ ಹಾಕಿ. ಬೇರೆ ಕನೆಕ್ಟರ್‌ಗೆ ಹಾಕಿದರೆ ಹಲವು ಬೋರ್ಡ್‌ಗಳು ಫ್ಯಾನ್ ಇಲ್ಲ ಎಂದು ಹೇಳಿ ಮುಂದೆ ಹೋಗುವುದೇ ಇಲ್ಲ.

ಬಯೋಸ್‌ನಲ್ಲಿ ಫ್ಯಾನ್ ಕರ್ವ್, ಅಂದರೆ ಯಾವ ಉಷ್ಣಾಂಶಕ್ಕೆ ಎಷ್ಟು ವೇಗ ಎಂಬುದು, ಹೀಗಿರಲಿ: 50 ಡಿಗ್ರಿವರೆಗೆ 40 ಶೇಕಡ, 70ಕ್ಕೆ 60, 85ಕ್ಕೆ 100. ಜೊತೆಗೆ ಸ್ಟೆಪ್ ಅಪ್ ಅಥವಾ ಸ್ಮೂದಿಂಗ್ ಎಂಬ ಹೆಸರಿನಲ್ಲಿರುವ ವಿಳಂಬವನ್ನು ನಾಲ್ಕೈದು ಸೆಕೆಂಡ್‌ಗೆ ಇಡಿ. ಇದನ್ನು ಇಡದಿದ್ದರೆ ಮೇಲೆ ಹೇಳಿದ ಕ್ಷಣಿಕ ನೆಗೆತಗಳಿಗೆಲ್ಲ ಫ್ಯಾನ್ ಏರಿ ಇಳಿದು ತಲೆ ತಿನ್ನುತ್ತದೆ. ಒಂದು ಸಾವಿರ ಸುತ್ತಿನ ಕೆಳಗೆ ಈ ಫ್ಯಾನ್‌ಗಳ ಸದ್ದು ನಮ್ಮ ಮನೆಗಳ ಸೀಲಿಂಗ್ ಫ್ಯಾನ್ ಅಡಿಯಲ್ಲಿ ಕೇಳಿಸುವುದೇ ಇಲ್ಲ. 25 ಡೆಸಿಬೆಲ್, 22 ಡೆಸಿಬೆಲ್ ಎಂಬ ವಿದೇಶಿ ಚರ್ಚೆಗಳಿಗೆ ಇಲ್ಲಿ ಏಸಿ ಕೋಣೆಯಲ್ಲಿ ಕೂತು ರೆಕಾರ್ಡಿಂಗ್ ಮಾಡುವವರಷ್ಟೇ ಕಿವಿಗೊಟ್ಟರೆ ಸಾಕು.

ಸರಿಯಾಗಿ ಕೂತಿದೆಯೇ ಎಂದು ನೋಡುವುದು

ಎಲ್ಲ ಕೋರ್‌ಗಳಿಗೂ ಹೊರೆ ಹಾಕುವ ಪರೀಕ್ಷೆಯಾದ ಸಿನೆಬೆಂಚ್ ಆರ್23 ಹತ್ತು ನಿಮಿಷ ಓಡಿಸಿ, ಸೆನ್ಸರ್ ಓದುವ ಎಚ್‌ಡಬ್ಲ್ಯುಇನ್ಫೊ ತಂತ್ರಾಂಶದಲ್ಲಿ ಪ್ಯಾಕೇಜ್ ಪವರ್ (ಪ್ರೊಸೆಸರ್ ಎಳೆಯುವ ಒಟ್ಟು ವ್ಯಾಟ್), ಉಷ್ಣಾಂಶ, ಫ್ಯಾನ್ ವೇಗ ಮೂರನ್ನೂ ಒಟ್ಟಿಗೆ ಬರೆದುಕೊಳ್ಳಿ, ಕೋಣೆಯ ಉಷ್ಣಾಂಶವನ್ನೂ. ವ್ಯಾಟ್ ಇಲ್ಲದ ಡಿಗ್ರಿಗೆ ಅರ್ಥವಿಲ್ಲ. 90 ವ್ಯಾಟ್‌ಗೆ 90 ಡಿಗ್ರಿ ಬಂದರೆ ಎಲ್ಲೋ ತಪ್ಪಾಗಿದೆ, 180 ವ್ಯಾಟ್‌ಗೆ 90 ಬಂದರೆ ಏನೂ ತಪ್ಪಿಲ್ಲ.

ಏರುವ ರೀತಿಯೇ ರೋಗ ಹೇಳುತ್ತದೆ. ಪರೀಕ್ಷೆ ಶುರುವಾದ ಎರಡು ಮೂರು ಸೆಕೆಂಡ್‌ಗೇ, ಹೆಚ್ಚು ವ್ಯಾಟ್ ಇಲ್ಲದೆ, ಮಿತಿ ಮುಟ್ಟಿದರೆ ತಳ ಸರಿಯಾಗಿ ಕೂತಿಲ್ಲ: ಪ್ಲಾಸ್ಟಿಕ್ ಹಾಳೆ, ಕಡಿಮೆ ಪೇಸ್ಟ್, ವಾಲಿದ ಸ್ಕ್ರೂ. ಮೊದಲು 75ರಲ್ಲಿದ್ದು ಹತ್ತು ನಿಮಿಷದಲ್ಲಿ ಮೆಲ್ಲಗೆ 88ಕ್ಕೆ ಏರಿದರೆ ಕ್ಯಾಬಿನೆಟ್‌ನೊಳಗೆ ಬಿಸಿ ಗಾಳಿ ನಿಂತಿದೆ. ಗಾಜಿನ ಬಾಗಿಲು ತೆಗೆದು ಮತ್ತೆ ಓಡಿಸಿ. ಐದು ಡಿಗ್ರಿಗಿಂತ ಹೆಚ್ಚು ಇಳಿದರೆ ಕೂಲರ್‌ಗೆ ಹಾಕಿದ ದುಡ್ಡು ಅರ್ಧ ವ್ಯರ್ಥ, ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಬೇಕು. 200 ವ್ಯಾಟ್‌ನ ಗ್ರಾಫಿಕ್ಸ್ ಕಾರ್ಡ್ ತನ್ನ ಶಾಖವನ್ನೆಲ್ಲ ಅದೇ ಡಬ್ಬಿಯೊಳಗೆ ಬಿಡುತ್ತದೆ, ಕೂಲರ್ ಆ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಮುಂಭಾಗ ಪೂರ್ತಿ ಗಾಜಿನ ಕ್ಯಾಬಿನೆಟ್ ಇದ್ದವರು ಮೊದಲು ಅದನ್ನು ಬದಲಿಸಿ, ಆಮೇಲೆ ಕೂಲರ್ ಯೋಚಿಸಿ.

ಏರ್ ಕೂಲರ್ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. 25 ಡಿಗ್ರಿ ಕೋಣೆಯಲ್ಲಿ 75 ತೋರಿಸಿದ್ದು 38 ಡಿಗ್ರಿ ಕೋಣೆಯಲ್ಲಿ ಸುಮಾರು 88 ತೋರಿಸುತ್ತದೆ. ಯೂಟ್ಯೂಬ್‌ನ ಏಸಿ ಲ್ಯಾಬ್‌ಗಳ ಸಂಖ್ಯೆ ನೋಡಿ ರಾಯಚೂರು, ಕಲಬುರಗಿ, ಬಳ್ಳಾರಿಯ ಏಪ್ರಿಲ್ ತಿಂಗಳಿಗೆ ಹೋಲಿಸಿದರೆ ನಿರಾಸೆ ಖಂಡಿತ. ಅಲ್ಲಿನವರಿಗೆ 120 ವ್ಯಾಟ್‌ನ ಪ್ರೊಸೆಸರ್‌ಗೂ ಈ ಎರಡು ಟವರ್ ಅತಿಯಲ್ಲ. ಅದೇ ಪ್ರೊಸೆಸರ್‌ಗೆ ಮಡಿಕೇರಿಯಲ್ಲಿ ಒಂದು ಟವರ್ ಧಾರಾಳ. ಮಂಗಳೂರು, ಕಾರವಾರದ ಸೆಕೆ ಮನುಷ್ಯರಿಗೆ ಕಷ್ಟ, ಬೆವರದ ಪ್ರೊಸೆಸರ್‌ಗೆ ತೇವಾಂಶದಿಂದ ಬಿಸಿ ಹೆಚ್ಚುವುದಿಲ್ಲ. ಆದರೆ ತೇವದ ಗಾಳಿಯಲ್ಲಿ ದೂಳು ರೆಕ್ಕೆಗೆ ಅಂಟಿಕೊಳ್ಳುತ್ತದೆ, ಬ್ರಷ್ ಇಲ್ಲದೆ ಬರೀ ಗಾಳಿಗೆ ಹೋಗುವುದಿಲ್ಲ.

ಮೂರು ನಾಲ್ಕು ತಿಂಗಳಿಗೊಮ್ಮೆ ಬ್ಲೋಯರ್ ಹಿಡಿಯಿರಿ. ರಸ್ತೆ ಪಕ್ಕದ ಮನೆಯಾದರೆ ಎರಡು ತಿಂಗಳಿಗೊಮ್ಮೆ. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯಬೇಕು, ಮಿತಿಮೀರಿ ತಿರುಗಿದರೆ ಬೇರಿಂಗ್ ಸವೆಯುತ್ತದೆ. ದೂಳು ಹೆಚ್ಚು ಕೂರುವುದು ಎರಡನೇ ಟವರ್‌ಗಲ್ಲ, ಮೊದಲನೆಯದರ ಮುಖಕ್ಕೆ. ಅದನ್ನು ನೋಡಲು ಮುಂದಿನ ಫ್ಯಾನ್ ಬಿಚ್ಚಲೇಬೇಕು.

ಎಐಒ ಇದಕ್ಕೆ ಪರ್ಯಾಯವೇ?

ಎಐಒ ಎಂದರೆ ಪಂಪ್, ರೇಡಿಯೇಟರ್ ಎಲ್ಲ ಸೇರಿಯೇ ಬರುವ ಲಿಕ್ವಿಡ್ ಕೂಲರ್. 240 ಮಿಮೀ ರೇಡಿಯೇಟರ್‌ನದು ಇದಕ್ಕಿಂತ ದುಬಾರಿ, ತಂಪಿನಲ್ಲಿ ಹೆಚ್ಚುಕಡಿಮೆ ಸಮ. ಪಂಪ್ ಕೆಟ್ಟರೆ ರಿಪೇರಿ ಇಲ್ಲ, ಪೂರ್ತಿ ಬದಲಿಸಬೇಕು. ಇದರಲ್ಲಿ ಕೆಡುವುದು ಫ್ಯಾನ್ ಮಾತ್ರ, 25 ಮಿಮೀ ದಪ್ಪದ ಯಾವುದೇ 120 ಮಿಮೀ ಫ್ಯಾನ್ ಅದೇ ಕ್ಲಿಪ್‌ಗೆ ಕೂರುತ್ತದೆ. ಎತ್ತರಕ್ಕೆ ಜಾಗವಿಲ್ಲದ ಕ್ಯಾಬಿನೆಟ್, 253 ವ್ಯಾಟ್‌ನ ಪ್ರೊಸೆಸರ್ ಇರುವವರು 360 ಮಿಮೀ ನೋಡಲಿ. ಉಳಿದವರು ದೀಪದ ಆಸೆಗೆ 240 ಕೊಂಡರೆ ಅದು ದೀಪದ ಬೆಲೆ ಎಂದೇ ತಿಳಿಯಲಿ.

ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಳ್ಳುವವರು ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ, ವಾರಂಟಿ ಯಾರದು ಎಂಬುದನ್ನೂ, ಭಾರತದ ವಿತರಕರದೋ ಅಂಗಡಿಯವರದೋ, ಬಿಲ್ ಮೇಲೆ ಬರೆಸಿಕೊಳ್ಳಿ. ಬಿಲ್ ಇಲ್ಲದೆ ಇನ್ನೂರು ಮುನ್ನೂರು ಕಡಿಮೆ ಎಂದರೆ ಫ್ಯಾನ್ ಕೆಟ್ಟ ದಿನ ಆ ಹಣ ಅಲ್ಲಿಗೇ ಸರಿಹೋಗುತ್ತದೆ. ಅಂಗಡಿಯಲ್ಲೇ ಡಬ್ಬಿ ತೆರೆಸಿ ನಾಲ್ಕು ಫ್ಯಾನ್ ಕ್ಲಿಪ್, ಎರಡು ಸಾಕೆಟ್‌ಗಳ ಸ್ಕ್ರೂ ಪೊಟ್ಟಣ, ಕವಲು ವೈರು ಇವೆಯೇ ಎಣಿಸಿ, ರೆಕ್ಕೆಗಳು ಬಾಗಿಲ್ಲ, ತಾಮ್ರದ ತಳದಲ್ಲಿ ಗೀರಿಲ್ಲ ಎಂದು ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ ಇದೇ ಎಣಿಕೆ ಇನ್ನೂ ಮುಖ್ಯ. ಬ್ರಾಕೆಟ್ ಪಟ್ಟಿ ಅಥವಾ ಸ್ಪೇಸರ್ ಒಂದು ಕಡಿಮೆಯಿದ್ದರೆ ಬಿಡಿಯಾಗಿ ಸಿಗುವುದು ಕಷ್ಟ, ಹೊಸದರ ಅರ್ಧಕ್ಕಿಂತ ಹೆಚ್ಚು ಕೊಡಬೇಡಿ. ಕಂಪ್ಯೂಟರನ್ನು ಊರಿಗೆ ಬಸ್ಸಿನಲ್ಲೋ ಪಾರ್ಸೆಲ್‌ನಲ್ಲೋ ಕಳಿಸುವುದಿದ್ದರೆ ಈ ಕೂಲರ್ ಬಿಚ್ಚಿ ಬೇರೆ ಡಬ್ಬಿಯಲ್ಲಿ ಹಾಕಿ. ಮುಕ್ಕಾಲು ಕೆಜಿಗೂ ಮೀರಿದ ಭಾರ ಅಡ್ಡಕ್ಕೆ ಜೋತುಬಿದ್ದು ದಾರಿಯುದ್ದಕ್ಕೂ ಕುಲುಕಿದರೆ ಬೋರ್ಡ್ ಬಾಗುತ್ತದೆ. ಕಾರಿನಲ್ಲಿ ನೀವೇ ಒಯ್ಯುವುದಾದರೆ ಬಿಚ್ಚಬೇಕಿಲ್ಲ, ಕ್ಯಾಬಿನೆಟನ್ನು ಗಾಜು ಮೇಲಾಗುವಂತೆ ಹಿಂದಿನ ಸೀಟಿನ ಮೇಲೆ ಮಲಗಿಸಿ ಬೆಲ್ಟ್ ಹಾಕಿದರೆ ಆಯಿತು.